ಬ್ಯಾಟಿಗೂ ಪಾಸ್‌ಪೋರ್ಟು

ಮಗನಿಗೆ ಸ್ವದೇಶಿ ಬ್ಯಾಟೇ ಕೊಡಿಸಬೇಕೆಂದು ಪಣತೊಟ್ಟು ಹಾಸನದ ಪೇಟೆಗೆ ಹೋದೆ.

‘ಇಂಗ್ಲಿಷ್ ವಿಲ್ಲೋ ಸಾರ್, ಮೀರತ್ ಮಾಲು’ ಎಂದರು ಅಂಗಡಿಯವರು. ಮರ ಇಂಗ್ಲೆಂಡಿನದು, ಹಿಡಿ ಸಿಂಗಪುರದ ಬೆತ್ತದ್ದು, ಕೈಚಳಕ ಮೀರತ್ತಿನದು. ಅಲ್ಲಿನ ಎಷ್ಟೋ ಕಸುಬುದಾರರ ಹಿರಿಯರೋ, 1947ರ ವಿಭಜನೆಯಲ್ಲಿ ಸಿಯಾಲ್‌ಕೋಟ್ ಬಿಟ್ಟು ಬಂದವರು! ನಾನೇ ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲ; ಈ ಬ್ಯಾಟು ಲೋಕ ಸುತ್ತಿ ಬಂದಿದೆ. ಕಾಶ್ಮೀರಿ ವಿಲ್ಲೋ ತೋರಿಸಿದರೆ ಮಗ ಮೂತಿ ತಿರುವಿದ.

ಬರಿಗೈಲಿ ಚನ್ನರಾಯಪಟ್ಟಣದ ತೋಟಕ್ಕೆ ಬಂದೆವು. ‘ಜಾವಗಲ್ ಇರೋ ಜಿಲ್ಲೆಯೋನು ಬೌಲಿಂಗ್ ಮಾಡ್ಬೇಕು ಕಣ್ಲಾ’ ಎನ್ನುತ್ತಲೇ ಅಪ್ಪ ಮೊಮ್ಮಗನಿಗೆ ತೆಂಗಿನ ಮಟ್ಟೆ ಸವರಿ ಬ್ಯಾಟು ಮಾಡಿಕೊಟ್ಟರು. ನೂರಕ್ಕೆ ನೂರು ಸ್ವದೇಶಿ! ಹೆಮ್ಮೆಯಿಂದ ಚೆಂಡು ಎತ್ತಿಕೊಂಡು ನೋಡಿದೆ: ‘ಮೇಡ್ ಇನ್ ಚೀನಾ’.