ಕಾವೇರಿ ತೀರದ ಬ್ಯಾಲೆ

‘ರೀ, ಹಬ್ಬಕ್ಕೆ “ಸ್ವಾನ್ ಲೇಕ್” ಬ್ಯಾಲೆ ತೋರಿಸ್ತೀನಿ ಅಂತ ಹೊಗೆನಕಲ್‌ಗೆ ಕರ್ಕೊಂಡು ಬಂದ್ರಲ್ಲ!’

‘1877ರಲ್ಲಿ ಮಾಸ್ಕೋದವರು ಪರದೆ ಮೇಲೆ ಬರೆದ ಸರೋವರ ನೋಡಿದ್ರು. ನಿನಗೆ ಸಾಕ್ಷಾತ್ ಕಾವೇರಿ, ಅದೂ ತಮಿಳರ ನದಿ ಹಬ್ಬ ಆಡಿ ಹದಿನೆಂಟಕ್ಕೆ!’

‘ಹಂಸ?’

‘ತೆಪ್ಪ! ಅಂಬಿಗ ಹುಟ್ಟು ಹಾಕಿದ್ರೆ ಗಿರಗಿರ ಸುತ್ತುತ್ತೆ.’

‘ನೀರು ಜಾಸ್ತಿ, ತೆಪ್ಪ ಬಂದ್ ಅಂದ್ರು.’

‘ದುಡ್ಡು ಉಳೀತು. ರಾತ್ರಿ ತೆರುಕ್ಕೂತ್ತು, ಇಲ್ಲಿನವರ ಬಯಲಾಟ. ಟಿಕೆಟ್ಟಿಲ್ಲ, ಬೆಳಗಿನವರೆಗೂ ಆಟ. ರೂಮ್ ಬಾಡಿಗೇನೂ ಉಳೀತು.’

(ಆ ಆಟದಲ್ಲಿ ಕಟ್ಟಿಯಕ್ಕಾರನ್ ಅನ್ನೋ ಹಾಸ್ಯಗಾರ ಗೇಲಿ ಮಾಡೋಕೆ ಇಂಥವರನ್ನೇ ಕಾಯ್ತಿರ್ತಾನೆ.)

‘ಅದ್ರಲ್ಲಿ ದ್ರೌಪದಿ ಪಾತ್ರಾನೂ ಗಂಡಸೇ ಅಲ್ವೇನ್ರೀ?’

‘ನಮ್ಮ ಬಯಲಾಟದಲ್ಲೇನು ಹೆಂಗಸರಿದ್ರಾ?’

‘ಹಸಿವು. ಹುರಿದ ಮೀನಿನ ವಾಸನೆ ಬರ್ತಿದೆ.’

‘ಹಬ್ಬದ ದಿನ ಮೀನಾ? ಶಿವಶಿವಾ! ಅದೂ ಉಳೀತು.’

‘ಒಟ್ಟು ಎಷ್ಟು ಉಳೀತು?’

‘ಹತ್ತಿರ ಹತ್ತಿರ ಎರಡು ಸಾವಿರ!’

‘ಇಲ್ಲಿ ಕೊಡಿ. ಆಟ ಮುಗಿಸಿ ಧರ್ಮಪುರಿ ಮುಟ್ಟೋಷ್ಟರಲ್ಲಿ ಸೀರೆ ಅಂಗಡಿ ತೆರೆದಿರುತ್ತೆ.’