ಚಂದಾಮಾನ ಪಂಚಾಂಗ: ಇಟಗಿ ಸೀಮೆಯನ್ನು ಮುಂದಿಟ್ಟುಕೊಂಡು ಒಂದು ತಾತ್ವಿಕ ಅನುಸಂಧಾನ

ಪ್ರಬಂಧವೆಂದ ಮೇಲೆ ಮೊದಲು ಕ್ಷೇತ್ರನಿರ್ಣಯ ಆಗಬೇಕು. ಇಟಗಿ ಎಂಬ ಊರು ಒಂದಕ್ಕಿಂತ ಹೆಚ್ಚಿವೆ. ಮಹಾದೇವ ಗುಡಿ ಇರುವುದು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ; ಅದು 1112ರದು, ಅದರ ಮೇಲೆ ಮಾತಾಡುವವರು ಬೇಕಾದಷ್ಟಿದ್ದಾರೆ. ನಮ್ಮದು ಗದಗ ಜಿಲ್ಲೆಯದು, ಶರಣೆ ಭೀಮಾಂಬಿಕೆಯ ಇಟಗಿ. ಈ ಸೀಮೆಯ 'ಗೃಹಾಂತರ್ಗತ ಮನರಂಜನಾ ಸಂಕಥನ'ವನ್ನು ಬಂಡವಾಳದ ಜೊತೆ ಮುಖಾಮುಖಿಯಾಗಿಸುವುದು ಪ್ರಸ್ತುತ ಅಧ್ಯಯನದ ಆಶಯ. ಮನೆಯ ರೊಕ್ಕ ಯಾವ ಓಟಿಟಿಗೆ ಹೋಗುತ್ತದೆ ಎಂದು ಕೇಳಿದ್ದರೂ ಆಗುತ್ತಿತ್ತು. ಆದರೆ ಹಾಗೆ ಕೇಳಿದರೆ ಪದವಿ ಕೊಡುವುದಿಲ್ಲ. ಕುಟುಂಬಗಳನ್ನು ಸ್ವಚಂದಾ, ಪರಚಂದಾ, ನಿಶ್ಚಂದಾ ಎಂದು ಮೂರು ನೆಲೆಗಳಲ್ಲಿ ವಿಂಗಡಿಸಬಹುದು. ತಾನೇ ದುಡ್ಡು ಕಟ್ಟುವುದು ಮೊದಲನೆಯದು, ಬೆಂಗಳೂರಿನಲ್ಲಿರುವ ಅಳಿಯನ ಪಾಸ್‌ವರ್ಡಿನಲ್ಲಿ ನೋಡುವುದು ಎರಡನೆಯದು. ಮೂರನೆಯದು ನೋಡುವುದೇ ಇಲ್ಲವಾದ್ದರಿಂದ ಸಂಶೋಧನೆಗೆ ಒದಗುವುದಿಲ್ಲ. ಎರಡನೆಯದು ಅಳಿಯ ಪಾಸ್‌ವರ್ಡ್ ಬದಲಿಸಿದ ದಿನ ಮೂರನೆಯದಾಗುತ್ತದೆ. ವರ್ಗೀಕರಣ ಇಷ್ಟಕ್ಕೆ ಸಾಕು.

ಪ್ರಮುಖ ಪ್ರಮೇಯ ಕಾಲಗಣನೆಗೆ ಸಂಬಂಧಿಸಿದ್ದು. ಸೌರಮಾನ, ಚಾಂದ್ರಮಾನಗಳ ಜೊತೆಗೆ ಈಗ ಚಂದಾಮಾನವೂ ಜಾರಿಯಲ್ಲಿದೆ. ಮೊಬೈಲ್ ಕರೆನ್ಸಿಯ ಅವಧಿಯಂತೆ ಇದರ ತಿಂಗಳಿಗೆ 28 ದಿನ. ಕರೆನ್ಸಿ ಮುಗಿದ ದಿನವೇ ಅಮಾವಾಸ್ಯೆ. ಚಾಂದ್ರಮಾನದಲ್ಲಿ ಅಧಿಕಮಾಸ 32-33 ತಿಂಗಳಿಗೊಮ್ಮೆ ಬಂದರೆ, ಇಲ್ಲಿ ವರ್ಷ ವರ್ಷವೂ ಬರುತ್ತದೆ: 365ನ್ನು 28ರಿಂದ ಭಾಗಿಸಿದರೆ 13, ಉಳಿಯುವುದು ಒಂದು ದಿನ. ಅಧಿಕಮಾಸದಲ್ಲಿ ಅಳಿಯನನ್ನು ಕರೆದು ಬಾಗಿನ ಕೊಡುವ ಪದ್ಧತಿಯಿದೆ. ಈ ಅಧಿಕಮಾಸದ ಬಾಗಿನ ನೇರವಾಗಿ ಕಂಪನಿಗೆ. 30 ದಿನದ ಒಂದು ಪ್ಲಾನನ್ನಾದರೂ ಇಡಿ ಎಂದು ಟೆಲಿಕಾಂ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2022ರ ಜನವರಿಯಲ್ಲಿ ಹೇಳಬೇಕಾಯಿತು. ತಿಂಗಳಿಗೆ ಮೂವತ್ತು ದಿನ ಎಂದು ಪ್ರಾಧಿಕಾರವೊಂದು ಆದೇಶ ಹೊರಡಿಸಬೇಕಾದ ಕಾಲ ಇದು.

ಪೈಪೋಟಿಯಿಂದ ಗಿರಾಕಿಗೆ ಲಾಭ, ಅದನ್ನೇಕೆ ಹಳಿಯುತ್ತೀರಿ ಎಂದು ಪೂರ್ವಪಕ್ಷ. ಇದನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ರೋಣದ ಪಕ್ಕದ ಬಾದಾಮಿ ತಾಲೂಕಿನಲ್ಲಿ ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ನೆರೆಯುತ್ತದೆ, ನಾಟಕ ಕಂಪನಿಗಳು ಸಾಲಾಗಿ ಟೆಂಟು ಹೊಡೆಯುತ್ತವೆ. ಒಂದೇ ಜಾತ್ರೆ, ಒಂದೇ ಕಿಸೆ, ಹಲವು ಕಂಪನಿ. ಅದೂ ಪೈಪೋಟಿಯೇ. ಆದರೆ ಟಿಕೆಟು ಆ ಒಂದು ಆಟಕ್ಕೆ ಮಾತ್ರ. ನಾಟಕ ಹಿಡಿಸದಿದ್ದರೆ ಮರುದಿನ ಪಕ್ಕದ ಟೆಂಟು. ಹಿಂದಿನ ದಿನದ ಕಂಪನಿ ಊರಿಗೆ ಬೆನ್ನುಹತ್ತಿ ಬಂದು ಕಿಸೆಗೆ ಕೈ ಹಾಕುವುದಿಲ್ಲ. ಓಟಿಟಿಯ ಪೈಪೋಟಿ ಹೇಗೆ ನಡೆಯಿತು? 2023ರಲ್ಲಿ ಜಿಯೋಸಿನಿಮಾ ಐಪಿಎಲ್ಲನ್ನು ಪುಕ್ಕಟೆ ತೋರಿಸಿತು. 2025ರ ಫೆಬ್ರವರಿ 14ರಂದು ಜಿಯೋಸಿನಿಮಾ, ಹಾಟ್‌ಸ್ಟಾರ್ ಎರಡೂ ಸೇರಿ ಜಿಯೋಹಾಟ್‌ಸ್ಟಾರ್ ಆದವು. ಆ ಸಲದ ಐಪಿಎಲ್ಲಿಗೆ ಚಂದಾ ಬಂತು. ಜಿಯೋ 'ಕರೆನ್ಸಿ ಜೊತೆ ಉಚಿತ' ಎಂದದ್ದೂ 299 ಮತ್ತು ಮೇಲಿನವಕ್ಕೆ, ಅದೂ ಕೆಲವೇ ದಿನದ ಮಟ್ಟಿಗೆ. ಎರಡು ಟೆಂಟು ಒಂದಾದ ಮೇಲೆ ಪೈಪೋಟಿ ಯಾರ ಜೊತೆ? ವರ್ಷಕ್ಕೆ 1499 ಇಸಿದುಕೊಳ್ಳುತ್ತಿದ್ದ ಪ್ರೈಮ್ ವಿಡಿಯೋ ಅದೇ ವರ್ಷದ ಜೂನ್‌ನಲ್ಲಿ ನಡುನಡುವೆ ಜಾಹೀರಾತು ತೂರಿಸಿತು. ಅದು ಬೇಡವಾದರೆ ಮತ್ತೆ 699 ಕೊಡಿ ಎಂದಿತು. ಟಿಕೆಟು ತಗೊಂಡು ಒಳಗೆ ಕೂತವನಿಗೆ ಪರದೆ ಎತ್ತಲು ಬೇರೆ ದುಡ್ಡು ಕೇಳುವ ಕಂಪನಿಯಿದ್ದರೆ ಬನಶಂಕರಿಯಲ್ಲಿ ಕುರ್ಚಿ ಹಾರುತ್ತಿದ್ದವು.

ಬೇಡವಾದರೆ ಬಿಡಿ, ಯಾರು ಬಲವಂತ ಮಾಡಿದರು ಎಂಬುದು ಇನ್ನೊಂದು ಆಕ್ಷೇಪ. ಲೆಕ್ಕ ಹಾಕೋಣ. 2025ರ ದರದಲ್ಲಿ ಪ್ರೈಮ್ 1499, ಜಿಯೋಹಾಟ್‌ಸ್ಟಾರ್ ಮೊಬೈಲಿಗೆ 499, ನೆಟ್‌ಫ್ಲಿಕ್ಸ್ ಮೊಬೈಲಿಗೆ ತಿಂಗಳಿಗೆ 149ರಂತೆ 1788. ಇವನ್ನು ನೋಡಲು 299ರ ಕರೆನ್ಸಿ 13 ಸಲ, ಅದು 3887. ಒಟ್ಟು 7673. 2025-26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ಇತ್ತು. ಹೆಚ್ಚುಕಡಿಮೆ 21 ದಿನ ಬಿಸಿಲಲ್ಲಿ ಬದು ಹಾಕಿದ ದುಡಿಮೆ ಒಂದೇ ಒಂದು ಫೋನಿಗೆ. ಹೌದು, ಬಿಡಬಹುದು, ಬಿಟ್ಟವರೂ ಇದ್ದಾರೆ. ಆದರೆ ದುಡ್ಡು ಕೊಟ್ಟವನಿಗೆ ಅವನ ಭಾಷೆಯಲ್ಲಿ ಏನು ಕೊಟ್ಟರು? ನಟ ರಕ್ಷಿತ್ ಶೆಟ್ಟಿಯವರ ಸಂಸ್ಥೆ ನಿರ್ಮಿಸಿದ ಏಳು ಕತೆಗಳ ಕನ್ನಡ ಸರಣಿ 'ಏಕಂ' ಅನ್ನು ಕೊಳ್ಳುವ ಓಟಿಟಿ ಸಿಗದೆ, 2024ರಲ್ಲಿ ತಮ್ಮದೇ ವೆಬ್‌ಸೈಟು ಮಾಡಿ ಬಿಡಬೇಕಾಯಿತು. ಕನ್ನಡದ ರೊಕ್ಕ ಆಗುತ್ತದೆ, ಕನ್ನಡದ ಕತೆ ಆಗುವುದಿಲ್ಲ. ಇಲ್ಲಿ ಸಂಕಥನ, ಅನುಸಂಧಾನ ಯಾವುದೂ ಇಲ್ಲ. ಇದು ಅವಮಾನ, ಅದನ್ನೂ ನಾವೇ ಕಂತಿನಲ್ಲಿ ಕಟ್ಟಿ ತಗೊಳ್ಳುತ್ತಿದ್ದೇವೆ.

ಓದುಗರು ಇದನ್ನು ಮಡಚಿಟ್ಟು, ಫೋನಿನಲ್ಲಿ ಆಟೊಪೇ ಪಟ್ಟಿ ತೆಗೆದು ಒಮ್ಮೆ ನೋಡಬೇಕು. ನೋಡದೆ ಬಿಟ್ಟ ಓಟಿಟಿಯೊಂದು ಅಲ್ಲಿ ಇನ್ನೂ ಕೂತಿರಬಹುದು.