ಬಡ್ಡಿಯಿಲ್ಲದ ಸಾಲದ ಬಡ್ಡಿ

ಸಂಬಳ ಈಗ ಮನೆಗೆ ಬರುವ ನೆಂಟನಾಗಿ ಉಳಿದಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ಬೇರೆ ಬಸ್ಸು ಹತ್ತುವ ಪ್ರಯಾಣಿಕನಾಗಿದೆ. ಒಂದನೇ ತಾರೀಖು ಬೆಳಗ್ಗೆ ‘ಜಮಾ ಆಗಿದೆ’ ಎಂದು ಒಂದು ಮೆಸೇಜು. ಐದನೇ ತಾರೀಖಿನೊಳಗೆ ‘ಕಡಿತವಾಗಿದೆ’ ಎಂಬ ಮೆಸೇಜುಗಳು ಒಂದರ ಬೆನ್ನಿಗೊಂದು ಬಂದು, ಆ ಮೊದಲನೆಯದನ್ನು ಸ್ಕ್ರೀನಿನ ಕೆಳಕ್ಕೆ ತಳ್ಳಿಬಿಡುತ್ತವೆ. ಆರನೇ ತಾರೀಖಿನಿಂದ ಖಾತೆದಾರರು ಅಧ್ಯಾತ್ಮದ ಕಡೆ ವಾಲುತ್ತಾರೆ.

ತೆರಿಗೆ ಕಟ್ಟಿ, ಊಟ, ಬಾಡಿಗೆ, ಔಷಧಿ, ಮಕ್ಕಳ ಫೀಜು ಎಲ್ಲ ಕಳೆದು ಉಳಿಯುವ ದುಡ್ಡು ಮನಸ್ಸು ಬಂದಂತೆ ಖರ್ಚು ಮಾಡುವುದಕ್ಕೆ ಅಂತ ಅರ್ಥಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಆದರೆ ಮನಸ್ಸು ಯಾವಾಗ ಬರಬೇಕು ಅನ್ನುವುದನ್ನು ಅವು ಹೇಳುವುದಿಲ್ಲ. ನಮಗೆಲ್ಲ ಮನಸ್ಸು ಹೋದ ವರ್ಷದ ದೀಪಾವಳಿ ಸೇಲಿನಲ್ಲೇ ಬಂದು ಹೋಗಿದೆ. ಈಗ ತಿಂಗಳು ತಿಂಗಳು ಕಟ್ಟುತ್ತಿರುವುದು ಆಗ ಬಂದ ಮನಸ್ಸಿನ ಬಾಬ್ತು. ಈ ತಿಂಗಳು ಹೊಸದಾಗಿ ಮನಸ್ಸು ಬಂದರೆ ಅದಕ್ಕೆ ಬೇರೆ ಕಂತು.

ಒಬ್ಬ ಸಾಫ್ಟ್‌ವೇರ್ ಮಹಾಶಯನನ್ನು ಕಲ್ಪಿಸಿಕೊಳ್ಳಿ. ಹೆಸರು ಬೇಡ. ಹೆಸರು ಹಾಕಿದರೆ ಬೆಂಗಳೂರಿನಲ್ಲಿ ಆ ಹೆಸರಿನವರೆಲ್ಲ ಇದು ತಮಗೇ ಹೇಳಿದ್ದೆಂದು ಜಗಳಕ್ಕೆ ಬಂದಾರು, ಅವರ ಸಂಶಯವೂ ಸುಳ್ಳಿರಲಾರದು. ಊರು ತಿಪಟೂರಿನ ಕಡೆ, ಕೆಲಸ ವೈಟ್‌ಫೀಲ್ಡ್ ಕಡೆ. ಪಿಎಫ್, ತೆರಿಗೆ ಹಿಡಿದು ಕೈಗೆ ಬರುವುದು 95,000. ಮನೆ ಬಾಡಿಗೆ 32,000. ಕಾರಿನ ಕಂತು 16,400. ಫೋನಿನದು 10,000. ಬಾಲಿಗೆ ಹೋಗಿ ಬಂದದ್ದಕ್ಕೆ 7,200. ಬಾಲಿಯ ಫೋಟೊಗಳಿಗೆ ಬಂದ ಲೈಕು ನಿಂತು ಎಂಟು ತಿಂಗಳಾಯಿತು, ಕಂತು ನಿಂತಿಲ್ಲ. ಎಲ್‌ಕೆಜಿ ಮಗುವಿನ ಫೀಜನ್ನು ಕಂತಾಗಿ ಮಾಡಿಕೊಟ್ಟ ಫೈನಾನ್ಸ್ ಕಂಪನಿಗೆ 9,500. ಹಿಂದೊಮ್ಮೆ ಕಾರ್ಡಿನ ಬಾಕಿ ಕಟ್ಟಲಾಗದೆ ಅದನ್ನೂ ಇಎಂಐ ಮಾಡಿಸಿಕೊಂಡದ್ದಕ್ಕೆ 6,300. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು 13,600. ಅದರಲ್ಲಿ 5,000 ಮ್ಯೂಚುವಲ್ ಫಂಡಿನ ಎಸ್‌ಐಪಿಗೆ ಹೋಗುತ್ತದೆ, ಯಾಕೆಂದರೆ ಮಹಾಶಯನಿಗೆ ಹಣಕಾಸಿನ ಶಿಸ್ತಿದೆ. ಉಳಿದ 8,600ರಲ್ಲಿ ಅಕ್ಕಿ, ಹಾಲು, ಪೆಟ್ರೋಲು, ಕರೆಂಟು, ಮನೆಕೆಲಸದಾಕೆ, ನಾಲ್ಕು ಒಟಿಟಿ. ಹದಿನೈದನೇ ತಾರೀಖಿಗೆ ಅದೂ ಕರಗಿ ಮತ್ತೆ ಕ್ರೆಡಿಟ್ ಕಾರ್ಡು ಹೊರಗೆ ಬರುತ್ತದೆ. ಹೀಗೆ, ಎಸ್‌ಐಪಿಯಲ್ಲಿ ವರ್ಷಕ್ಕೆ ಶೇ. 12 ಬರಬಹುದೆಂಬ ನಂಬಿಕೆಯ ಮೇಲೆ ಆತ ಕಾರ್ಡಿಗೆ ಶೇ. 42 ಕಟ್ಟುತ್ತಾ ಶ್ರೀಮಂತನಾಗುವ ದಾರಿಯಲ್ಲಿದ್ದಾನೆ.

ಪ್ರತಿ ತಿಂಗಳೂ ಹತ್ತು ಸಾವಿರ ನುಂಗುವ ಆ ಫೋನನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಬೆಲೆ 60,000. ಆರು ಕಂತು, ‘ನೋ ಕಾಸ್ಟ್ ಇಎಂಐ’. ಆರು ಹತ್ತಲಿ ಅರವತ್ತು, ಲೆಕ್ಕ ಸರಿಯಾಯಿತು, ಬಡ್ಡಿಯೇ ಇಲ್ಲ ಅಂತ ಮಹಾಶಯ ಖುಷಿಪಟ್ಟ. ಸೊನ್ನೆ ಬಡ್ಡಿ ಎಂಬುದೊಂದು ಜಗತ್ತಿನಲ್ಲಿ ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಬ್ಯಾಂಕುಗಳು ತಲೆಬಾಗಿ ಒಪ್ಪಿಕೊಂಡು, ಸೊನ್ನೆಯನ್ನು ಅಳಿಸಿ ‘ನೋ ಕಾಸ್ಟ್’ ಎಂದು ಬರೆದವು. ಒಳಗಿನ ವ್ಯವಸ್ಥೆ ಇಷ್ಟೇ: ವರ್ಷಕ್ಕೆ ಶೇ. 16ರ ಬಡ್ಡಿ ಅಂತ ಹಿಡಿದರೆ ಆರು ತಿಂಗಳಿಗೆ ಆಗುವ ಬಡ್ಡಿ ಸುಮಾರು 2,700 ರೂಪಾಯಿ. ಅಷ್ಟನ್ನು ಅಂಗಡಿಯವನು ಮೊದಲೇ ಬೆಲೆಯಲ್ಲಿ ಇಳಿಸುತ್ತಾನೆ, ಬ್ಯಾಂಕು ಅಷ್ಟನ್ನೇ ಬಡ್ಡಿಯಾಗಿ ವಸೂಲು ಮಾಡುತ್ತದೆ. ನಗದು ಕೊಟ್ಟವನು ಚೌಕಾಸಿ ಮಾಡಿ ಪಡೆಯಬಹುದಾಗಿದ್ದ ರಿಯಾಯಿತಿ ಹೀಗೆ ಬ್ಯಾಂಕಿನ ಪಾಲಾಯಿತು. ಇಷ್ಟಕ್ಕೆ ಮುಗಿದಿದ್ದರೆ ಬೇರೆ ಮಾತು. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಹತ್ತಿರ ಹತ್ತಿರ 490 ರೂಪಾಯಿ. ಮೇಲೆ ಪ್ರೊಸೆಸಿಂಗ್ ಫೀ, ಆ ಫೀಗೂ ಜಿಎಸ್‌ಟಿ. ಇಲ್ಲದ ಬಡ್ಡಿಗೆ ಇರುವ ತೆರಿಗೆ! ವೇದಾಂತಿಗಳು ಸಾವಿರ ವರ್ಷ ತಲೆ ಕೆಡಿಸಿಕೊಂಡ ಇದೆ-ಇಲ್ಲಗಳ ಗೋಜಲನ್ನು ಒಂದು ಮೊಬೈಲ್ ಬಿಲ್ಲು ಬಗೆಹರಿಸಿದೆ.

ಕಾರ್ಡಿನದು ಇನ್ನೂ ಸೊಗಸು. ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ದೊಡ್ಡದು, ನೋಡಿದರೆ ಎದೆ ಝಲ್ಲೆನ್ನುವಂಥದ್ದು. ಇನ್ನೊಂದು ಚಿಕ್ಕದು, ‘ಕನಿಷ್ಠ ಪಾವತಿ’, ತಾಯಿಯಂತೆ ತಲೆ ನೇವರಿಸುವಂಥದ್ದು. ಒಂದು ಲಕ್ಷ ಬಾಕಿಯಿದ್ದು 5,000 ಕಟ್ಟಿದಿರಿ ಎನ್ನಿ. ತಿಂಗಳಿಗೆ ಶೇ. 3.5ರಂತೆ ಬಡ್ಡಿ 3,500, ಅದರ ಮೇಲೆ ಜಿಎಸ್‌ಟಿ 630. ಕಟ್ಟಿದ ಐದು ಸಾವಿರದಲ್ಲಿ ಅಸಲಿಗೆ ಸೇರಿದ್ದು 870 ರೂಪಾಯಿ. ಪೂರ್ತಿ ಕಟ್ಟದೇ ಇದ್ದುದರಿಂದ ಇವತ್ತು ಉಜ್ಜಿದ ಕಾಫಿಗೂ ಇವತ್ತಿನಿಂದಲೇ ಬಡ್ಡಿ. ಕನಿಷ್ಠ ಮಾತ್ರ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂದು ಬಿಲ್ಲಿನಲ್ಲೇ ಎಚ್ಚರಿಕೆ ಮುದ್ರಿಸಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಮುದ್ರಿಸಿದ್ದಾರೆ. ಸಿಗರೇಟಿನ ಪ್ಯಾಕಿನ ಮೇಲಿನ ಚಿತ್ರವನ್ನು ನೋಡುವಷ್ಟೇ ಶ್ರದ್ಧೆಯಿಂದ ಜನ ಅದನ್ನು ನೋಡುತ್ತಾರೆ.

ಮೀಟರ್ ಬಡ್ಡಿ ಅಂದರೆ ನಮಗೆ ಗೊತ್ತು: ಕುತ್ತಿಗೆಯಲ್ಲಿ ಚೈನು, ಬುಲೆಟ್ ಮೇಲೆ ಇಬ್ಬರು. ಅದರ ವಿರುದ್ಧ ಕರ್ನಾಟಕ 2004ರಲ್ಲೇ ಕಾಯ್ದೆ ಮಾಡಿದೆ. ವರ್ಷಕ್ಕೆ ಶೇ. 42 ಬಡ್ಡಿ ತೆಗೆಯುವವರಿಗೆ ಚೈನಿಲ್ಲ, ಬುಲೆಟ್ಟಿಲ್ಲ, ಆಪ್ ಇದೆ, ರಿವಾರ್ಡ್ ಪಾಯಿಂಟ್ ಇದೆ, ಹುಟ್ಟುಹಬ್ಬಕ್ಕೆ ಶುಭಾಶಯ ಇದೆ. ಕಾರ್ಡಿನ ಬಡ್ಡಿ ಶೇ. 30 ದಾಟಿದರೆ ಅದು ಅನ್ಯಾಯದ ವ್ಯಾಪಾರ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಬ್ಯಾಂಕುಗಳು ಮೇಲಿನ ಮೆಟ್ಟಿಲು ಹತ್ತಿದವು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹದಿನಾರು ವರ್ಷ ಉಸಿರು ಬಿಗಿಹಿಡಿದಿದ್ದ ಬಡ್ಡಿ ಈಗ ನಿರಾಳವಾಗಿದೆ.

‘ನಿಮ್ಮಪ್ಪ ಟಿವಿ ತರೋಕೆ ಮೊದಲು ಎರಡು ವರ್ಷ ಚೀಟಿ ಕಟ್ಟಿದ್ರು ಕಣೋ’ ಅಂತ ತಿಪಟೂರಿನಿಂದ ತಾಯಿ ಫೋನಿನಲ್ಲಿ ಹೇಳುತ್ತಾರೆ. ಹೌದು, ಆಗ ಮೊದಲು ಕಂತು, ಆಮೇಲೆ ಟಿವಿ. ಅದನ್ನು ಹಿಂದಿನವರ ಗುಣ ಅಂತ ಹಾಡಿ ಹೊಗಳುವ ಲೇಖನಗಳನ್ನು ನಾನೂ ಓದಿದ್ದೇನೆ, ನನಗೆ ಅಷ್ಟು ನಂಬಿಕೆಯಿಲ್ಲ. ಅಪ್ಪಂದಿರಿಗೆ ಸಾಲ ಕೊಡುವವರೇ ಇರಲಿಲ್ಲ. ಶೆಟ್ಟರ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಸಾಲ’ ಎಂದು ಬೋರ್ಡು ಬರೆಸಿ, ಕೆಳಗೆ ಲಕ್ಷ್ಮಿಯ ಫೋಟೊ ಹಾಕಿರುತ್ತಿದ್ದರು. ಆ ಬೋರ್ಡು ಒಂದಿಡೀ ತಲೆಮಾರಿನ ಮಾನ ಉಳಿಸಿತು. ಈಗಲೂ ನಮ್ಮ ಬೀದಿಯ ಬೀಡಾ ಅಂಗಡಿಯವನು ಹದಿನೈದು ರೂಪಾಯಿ ಚಿಲ್ಲರೆ ಇಲ್ಲ, ನಾಳೆ ಕೊಡುತ್ತೇನೆ ಎಂದರೆ ಮುಖ ಸಿಂಡರಿಸುತ್ತಾನೆ. ಮುಖವನ್ನೇ ನೋಡದ ಆಪ್ ಮಾತ್ರ ‘ಅಭಿನಂದನೆಗಳು, ನಿಮಗಾಗಿ 7 ಲಕ್ಷ ಸಿದ್ಧವಿದೆ’ ಎಂದು ಊಟದ ಹೊತ್ತಿಗೆ ಸರಿಯಾಗಿ ತಿಳಿಸುತ್ತದೆ. ಅಭಿನಂದನೆ ಯಾತಕ್ಕೆ ಅಂತ ಯಾರೂ ಕೇಳುವುದಿಲ್ಲ.

ಇನ್ನು ಬುದ್ಧಿ ಹೇಳುವವರು. ರೀಲ್ಸ್‌ನಲ್ಲಿ ಕೋಟು ತೊಟ್ಟ ಹುಡುಗ 50-30-20 ಅನ್ನುತ್ತಾನೆ. ಅಗತ್ಯಕ್ಕೆ ಅರ್ಧ, ಆಸೆಗೆ ಮೂವತ್ತು, ಉಳಿತಾಯಕ್ಕೆ ಇಪ್ಪತ್ತು. ಇದನ್ನು ಜನಪ್ರಿಯ ಮಾಡಿದ್ದು ಈಗ ಅಮೆರಿಕದ ಸೆನೆಟರ್ ಆಗಿರುವ ಎಲಿಜಬೆತ್ ವಾರನ್ ಮತ್ತು ಅವರ ಮಗಳು, 2005ರ ಪುಸ್ತಕವೊಂದರಲ್ಲಿ. ಅವರಿಬ್ಬರೂ ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ಬೆಳ್ಳಂದೂರಿನಲ್ಲಿ ಮನೆ ಹಿಡಿದವರಂತೆ ಕಾಣುವುದಿಲ್ಲ. ಕೋಟಿನ ಹುಡುಗ ಕೊನೆಗೆ ತನ್ನ ಕೋರ್ಸು ಮಾರುತ್ತಾನೆ, ‘ಸಾಲದಿಂದ ಸ್ವಾತಂತ್ರ್ಯಕ್ಕೆ’, 4,999 ರೂಪಾಯಿ. ಕೆಳಗೇ ಇದೆ ಬಟನ್ನು: ಸುಲಭ ಕಂತುಗಳ ಸೌಲಭ್ಯ ಉಂಟು.

ಸರ್ಕಾರದ ಬುದ್ಧಿವಾದ ಇನ್ನೂ ಒಂದು ಕೈ ಮೇಲು. ಹಳೆಯ ತೆರಿಗೆ ಪದ್ಧತಿಯಲ್ಲಿ 80ಸಿ ಅಂತ ಒಂದಿತ್ತು, ಆ ರಿಯಾಯಿತಿ ಈಗಲೂ ಮೂಲೆಯಲ್ಲಿದೆ. ತೆರಿಗೆಯ ಹೆದರಿಕೆಗಾದರೂ ಜನ ಮಾರ್ಚ್ ತಿಂಗಳಲ್ಲಿ ಓಡಾಡಿ ಪಿಪಿಎಫ್‌ಗೋ ಎಲ್‌ಐಸಿಗೋ ಒಂದೂವರೆ ಲಕ್ಷ ತುಂಬುತ್ತಿದ್ದರು. ಹೊಸ ಪದ್ಧತಿಯಲ್ಲಿ ಆ ಕಾಟವಿಲ್ಲ. 2025ರ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ತೆರಿಗೆಯೇ ಇಲ್ಲವೆಂದರು, ಮಧ್ಯಮ ವರ್ಗದ ಕೈಯಲ್ಲಿ ದುಡ್ಡು ಉಳಿಯಲಿ ಅಂತ. ಉಳಿದದ್ದು ಕೈಯಲ್ಲೇ ಕೊಳೆತರೆ ಹೇಗೆ? ಅದೇ ವರ್ಷದ ಸೆಪ್ಟೆಂಬರ್ 22ರಿಂದ ಎಸಿ, ದೊಡ್ಡ ಟಿವಿ, ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಪ್ರಧಾನಿಗಳು ಅದಕ್ಕೆ ಉಳಿತಾಯದ ಉತ್ಸವ ಎಂದು ಹೆಸರಿಟ್ಟರು. ಎಂಟು ಪೈಸೆ ಉಳಿಸುವುದಕ್ಕೆ ತೊಂಬತ್ತೆರಡು ಪೈಸೆ ಬಿಚ್ಚಬೇಕಾದ ಉತ್ಸವ. ಎಸಿ ಕೊಳ್ಳದೆ ಸುಮ್ಮನೆ ಮನೆಯಲ್ಲಿ ಕೂತವನು ಆ ಹಬ್ಬದಲ್ಲಿ ಒಂದು ರೂಪಾಯಿಯನ್ನೂ ಉಳಿಸಲಿಲ್ಲ ಎಂಬುದನ್ನು ಗಮನಿಸಬೇಕು.

ಇದಕ್ಕೂ ಮೊದಲು, 2022-23ರಲ್ಲಿ, ದೇಶದ ಮನೆಗಳ ನಿವ್ವಳ ಹಣಕಾಸು ಉಳಿತಾಯ ಜಿಡಿಪಿಯ ಶೇ. 5ರ ಆಸುಪಾಸಿಗೆ ಕುಸಿದು ದಶಕಗಳಲ್ಲೇ ತಳ ಕಂಡಿತ್ತು. ಗಾಬರಿ ಬೇಡ, ಜನ ಸಾಲ ತೆಗೆದು ಮನೆ ಕೊಳ್ಳುತ್ತಿದ್ದಾರೆ, ವಾಹನ ಕೊಳ್ಳುತ್ತಿದ್ದಾರೆ ಎಂದು ಹಣಕಾಸು ಸಚಿವಾಲಯ ಸಮಾಧಾನ ಹೇಳಿತು. ಎರಡು ತಿಂಗಳು ಕಳೆಯುವುದರೊಳಗೆ ರಿಸರ್ವ್ ಬ್ಯಾಂಕಿಗೇ ಗಾಬರಿಯಾಗಿ, ಅಡಮಾನವಿಲ್ಲದ ಸಾಲ ಕೊಡುವುದು ಬ್ಯಾಂಕುಗಳಿಗೆ ತುಟ್ಟಿಯಾಗುವಂತೆ ನಿಯಮ ಬಿಗಿ ಮಾಡಿತು. ದಿಲ್ಲಿ ಒಂದು ಹೇಳಿ, ಮುಂಬೈ ಇನ್ನೊಂದು ಹೇಳಿ, ವೈಟ್‌ಫೀಲ್ಡಿನ ಮಹಾಶಯ ಎರಡನ್ನೂ ಓದದೆ ಏರ್‌ಫ್ರೈಯರ್ ತಂದ.

ಇಷ್ಟಾದರೂ, ದುಡ್ಡು ಹೇಗೆ ಖರ್ಚು ಮಾಡಬೇಕು ಎಂಬ ವಿಷಯದಲ್ಲಿ ಆತನಿಗೆ ಖಚಿತವಾದ ಅಭಿಪ್ರಾಯಗಳಿವೆ. ಅವು ಬೇರೆಯವರ ದುಡ್ಡಿನ ಬಗ್ಗೆ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ‘ಬಿಟ್ಟಿ ಭಾಗ್ಯ’ಗಳ ಚರ್ಚೆ ಏಳುತ್ತದೆ. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಅಲ್ಲಿನ ಖಾಯಂ ಖಳನಾಯಕ. ‘ಇವರಿಗೆ ದುಡ್ಡು ಕೊಟ್ಟರೆ ಸೀರೆ, ಫೋನು ಅಂತ ಹಾಳು ಮಾಡ್ತಾರೆ, ಫೈನಾನ್ಶಿಯಲ್ ಲಿಟರಸಿ ಇಲ್ಲ’ ಎಂದು ಮಹಾಶಯ ಬರೆದ, ಕಂತು ಮುಗಿಯದ ಫೋನಿನಿಂದ. ಹದಿನಾಲ್ಕು ಥಂಬ್ಸ್ ಅಪ್ ಬಿದ್ದವು. ಬೆಳಗಾವಿ ಜಿಲ್ಲೆಯ ಅಜ್ಜಿಯೊಬ್ಬರು ಆ ಹಣವನ್ನು ಕೂಡಿಟ್ಟು 2024ರಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ಸುದ್ದಿಯಾದಾಗಲೂ ಗುಂಪಿನಲ್ಲಿ ತೀವ್ರ ಆಕ್ಷೇಪ. ಹೋಳಿಗೆಯಿಂದ ರಿಟರ್ನ್ ಏನು ಬಂತು? ಲೆಕ್ಕ ಹಾಕಿ ನೋಡಿ: ಅಜ್ಜಿ ಮೊದಲು ಕೂಡಿಟ್ಟರು, ಆಮೇಲೆ ಖರ್ಚು ಮಾಡಿದರು, ಯಾರಿಗೂ ಒಂದು ಪೈಸೆ ಬಾಕಿಯಿಲ್ಲ, ಊರು ಉಂಡಿತು. ಅರ್ಥಶಾಸ್ತ್ರದ ಪುಸ್ತಕ ಹೇಳುವ ಆ ಉಳಿಕೆ ಆದಾಯವನ್ನು, ಅದು ಹೇಳಿದ ಹಾಗೆಯೇ ಖರ್ಚು ಮಾಡಿದವರು ರಾಜ್ಯದಲ್ಲಿ ನನಗೆ ತಿಳಿದಂತೆ ಅವರೊಬ್ಬರೇ.

ಹಾಗಂತ ಬಡವರ ಮನೆಯಲ್ಲಿ ಎಲ್ಲ ನೇರ ಅಂತಲೂ ಅಲ್ಲ. ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಂಘ, ಅದಕ್ಕೆ ಮತ್ತೊಂದು ಮೈಕ್ರೋ ಫೈನಾನ್ಸು. ವಸೂಲಿಯವರ ಕಾಟಕ್ಕೆ ಊರು ಬಿಟ್ಟವರಿದ್ದಾರೆ, ಜೀವ ಬಿಟ್ಟವರೂ ಇದ್ದಾರೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಅವರು ಸಾಲ ಮಾಡುವುದು ಆಸ್ಪತ್ರೆಗೆ, ಬೋರ್‌ವೆಲ್ಲಿಗೆ, ಮದುವೆಗೆ. ಅವರು ಕಂತು ತಪ್ಪಿದರೆ ಬಾಗಿಲ ಮುಂದೆ ಜನ ಬಂದು ಕೂರುತ್ತಾರೆ. ಮಹಾಶಯ ಕಂತು ತಪ್ಪಿದರೆ ಸಿಬಿಲ್ ಸ್ಕೋರು ಕೆಳಗಿಳಿಯುತ್ತದೆ, ಮೊದಲಿಗೆ ಇಂಗ್ಲಿಷಿನಲ್ಲಿ ಫೋನು ಬರುತ್ತದೆ.

ಈ ತಿಂಗಳು ಅವನ ಲೆಕ್ಕ ಮೂರನೇ ತಾರೀಖಿಗೇ ತಪ್ಪಿತು. ಕಾರಿನ ಇನ್ಶೂರೆನ್ಸು ಆಟೊ ಡೆಬಿಟ್ ಆಗುತ್ತದೆ ಎಂಬುದನ್ನು ಮರೆತಿದ್ದ. ಕಾರ್ಡು ಮಿತಿ ಮುಟ್ಟಿದೆ. ಎಸ್‌ಐಪಿ ನಿಲ್ಲಿಸುವ ಹಾಗಿಲ್ಲ, ಶಿಸ್ತಿನ ಪ್ರಶ್ನೆ. ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತಿದ್ದ ಮನೆಕೆಲಸದಾಕೆಯ ಹತ್ತಿರ ಬಂದು ಗಂಟಲು ಸರಿಮಾಡಿಕೊಂಡ.

‘ನೋಡಮ್ಮಾ, ಈ ಸಲ ನಿನ್ ಸಂಬಳ ಸ್ವಲ್ಪ ಲೇಟಾಗತ್ತೆ. ಹತ್ತನೇ ತಾರೀಖಿಗೆ ಜಿಪೇ ಮಾಡ್ತೀನಿ. ಪರವಾಗಿಲ್ವಾ?’

‘ಆಯ್ತು ಬಿಡಿ ಸಾರ್, ಆದಾಗ ಕೊಡಿ.’

ಬಡ್ಡಿಯಿಲ್ಲ, ಪ್ರೊಸೆಸಿಂಗ್ ಫೀ ಇಲ್ಲ, ಜಿಎಸ್‌ಟಿ ಇಲ್ಲ, ಸಿಬಿಲ್ ನೋಡಲಿಲ್ಲ, ಮೂರು ಸೆಕೆಂಡಿನಲ್ಲಿ ಮಂಜೂರು. ರಿಸರ್ವ್ ಬ್ಯಾಂಕ್ ಜಗತ್ತಿನಲ್ಲೇ ಇಲ್ಲವೆಂದ ಸಾಲ ಅಡುಗೆಮನೆಯ ಸಿಂಕಿನ ಪಕ್ಕ ಸಿಕ್ಕಿತು. ಮಹಾಶಯ ನಿರಾಳವಾಗಿ ಫೋನು ತೆಗೆದ.

‘ನಾಳೆ ಬೆಳಗ್ಗೆ ಬರೋದು ತಡ ಆಗತ್ತೆ ಸಾರ್’ ಅಂದಳು ಆಕೆ, ಚಪ್ಪಲಿ ಮೆಟ್ಟುತ್ತಾ. ‘ಸಂಘದ ಕಂತಿನ ದಿನ. ನಿಮ್ ದುಡ್ಡು ಬರತ್ತೆ ಅನ್ಕೊಂಡಿದ್ದೆ. ಈಗ ಓಲೆ ಇಟ್ಟು ಕಟ್ಬೇಕು. ಸೇಟು ಅಂಗಡಿ ತೆಗೆಯೋದೇ ಹತ್ತು ಗಂಟೆಗೆ.’